1966ರ ಮಸ್ಟಾಂಗ್‌ಗೆ ಸಿ4 ಆಟೋಮ್ಯಾಟಿಕ್: ಒಂದು ವರ್ಷ ಓಡಿಸಿದ ಮೇಲೆ

ನಮ್ಮದು 1966ರ ಫೋರ್ಡ್ ಮಸ್ಟಾಂಗ್. 289 ಘನ ಇಂಚಿನ ವಿ8 ಎಂಜಿನ್, ಎರಡು ಬ್ಯಾರಲ್ ಕಾರ್ಬುರೇಟರ್, ಮೂರು ಗೇರಿನ ಮ್ಯಾನುಯಲ್ ಬಾಕ್ಸ್. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನಮ್ಮ ಜೊತೆ ಹದಿನಾಲ್ಕು ವರ್ಷದಿಂದ ಇದೆ. ಭಾನುವಾರ ನೈಲ್ಸ್ ಕ್ಯಾನ್ಯನ್ ರಸ್ತೆ ಹಿಡಿದು ಲಿವರ್‌ಮೋರ್ ದೇವಸ್ಥಾನಕ್ಕೆ ಹೋಗಿಬರುವುದು ರೂಢಿ, ಹೋಗುವಾಗ ಸ್ಟೀರಿಂಗ್ ಹಿಡಿಯುವುದು ಯಾವಾಗಲೂ ನನ್ನ ಹೆಂಡತಿಯೇ. ಎರಡು ವರ್ಷದ ಹಿಂದೆ ಅವಳ ಎಡ ಮಂಡಿಯ ಆಪರೇಷನ್ ಆಯಿತು. ವಾಸಿಯೇನೋ ಆಯಿತು, ಆದರೆ ಆ ಹಳೇ ಕ್ಲಚ್ ತುಳಿಯುವುದು ಮಾತ್ರ ಆಗಲೇ ಇಲ್ಲ. ಸಿಗ್ನಲ್‌ನಲ್ಲಿ ಎರಡು ನಿಮಿಷ ನಿಂತರೆ ಕಾಲು ನಡುಗುತ್ತಿತ್ತು. "ಮಾರಿಬಿಡೋಣ ಬಿಡಿ" ಅಂದಳು. ಆ ಮಾತು ಕೇಳಿದ ದಿನವೇ ಆಟೋಮ್ಯಾಟಿಕ್ ಮಾಡಿಸುವುದು ಅಂತ ತೀರ್ಮಾನ ಮಾಡಿದೆ.

ಹಳೇ ಕಾರಿನ ಗೆಳೆಯರು ತುಂಬಾ ಜನ ಬೇಡ ಅಂದರು. ಒರಿಜಿನಲ್ ಕೆಡಿಸಬಾರದು ಅನ್ನುವುದು ಅವರ ಮಾತು. ಆ ಕಾಳಜಿ ನನಗೂ ಇದೆ. ಆದರೆ 1966 ಒಂದೇ ಮಾಡೆಲ್ ವರ್ಷದಲ್ಲಿ ಫೋರ್ಡ್ 6 ಲಕ್ಷಕ್ಕಿಂತ ಜಾಸ್ತಿ ಮಸ್ಟಾಂಗ್ ಮಾಡಿದೆ. ಸಿ4 ಅನ್ನುವ ಮೂರು ಗೇರಿನ ಆಟೋಮ್ಯಾಟಿಕ್ ಬಾಕ್ಸ್ ಅನ್ನು ಕಂಪನಿಯೇ ಇದೇ ಎಂಜಿನ್‌ಗೆ ಕೊಡುತ್ತಿತ್ತು. ಅಂದರೆ ಹೊರಗಿನದ್ದೇನೂ ತಂದು ತುರುಕುತ್ತಿಲ್ಲ. ಚಾಸಿ ಕತ್ತರಿಸಬೇಕಾಗಿಲ್ಲ, ಬೇಕಾದರೆ ನಾಳೆ ವಾಪಸ್ ಮ್ಯಾನುಯಲ್ ಮಾಡಬಹುದು.

ಮೊದಲು ನನ್ನ ಮನಸ್ಸಿದ್ದದ್ದು ಎಒಡಿ ಅನ್ನುವ ಫೋರ್ಡ್ ಕಂಪನಿಯದೇ ನಾಲ್ಕು ಗೇರಿನ ಆಟೋಮ್ಯಾಟಿಕ್ ಮೇಲೆ. ಅದು 1980ರಿಂದ ಬಂದ ಬಾಕ್ಸ್, ಕೊನೆಯ ಗೇರ್ 0.67 ಓವರ್‌ಡ್ರೈವ್, ಅಂದರೆ ಅದೇ ವೇಗಕ್ಕೆ ಎಂಜಿನ್ ಮೂರನೇ ಎರಡು ಪಾಲು ತಿರುಗಿದರೆ ಸಾಕು. ಹೈವೇಗೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿದೆ. ನಮ್ಮ ಹಿಂದಿನ ಆಕ್ಸಲ್ ಅನುಪಾತ 2.80, ಅಂದರೆ ಚಕ್ರದ ಒಂದು ಸುತ್ತಿಗೆ ಬಾಕ್ಸ್‌ನಿಂದ ಬರುವ ಶಾಫ್ಟ್ 2.80 ಸುತ್ತು ತಿರುಗುತ್ತದೆ. ಗಂಟೆಗೆ 65 ಮೈಲಿಯಲ್ಲಿ ಈಗಲೇ ಎಂಜಿನ್ ತಿರುಗುವುದು 2,400 ಆರ್‌ಪಿಎಂ ಆಸುಪಾಸು. ಓವರ್‌ಡ್ರೈವ್ ಹಾಕಿದರೆ 1,600ಕ್ಕೆ ಇಳಿಯುತ್ತದೆ, ಸಣ್ಣ ಏರು ಬಂದರೂ ಏದುಸಿರು ಬಿಡುತ್ತದೆ. ಜೊತೆಗೆ ಆ ಬಾಕ್ಸ್‌ನ ಥ್ರಾಟಲ್ ಕೇಬಲ್ ಸರಿಯಾಗಿ ಹೊಂದಿಸದಿದ್ದರೆ ಒಳಗಿನ ಕ್ಲಚ್ ಪ್ಲೇಟುಗಳು ಸುಟ್ಟುಹೋಗುತ್ತವೆ. 3.50 ತರಹದ ಆಕ್ಸಲ್ ಇದ್ದವರಿಗೆ ಸರಿ. ನಮಗೆ ಸುಮ್ನೆ ದುಡ್ಡು ದಂಡ. ಸಿ4 ಸಾಕು ಅಂದುಕೊಂಡೆ.

ಗೇರ್ ಬಾಕ್ಸ್ ತಂದರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ, ದಿನ ಮತ್ತು ದುಡ್ಡು ಹೋಗುವುದು ಚಿಲ್ಲರೆ ಸಾಮಾನುಗಳಿಗೆ. ಎಂಜಿನ್ ಹಿಂದಿರುವ ಭಾರದ ಚಕ್ರ, ಫ್ಲೈವೀಲ್, ತೆಗೆದು ಆ ಜಾಗಕ್ಕೆ ಫ್ಲೆಕ್ಸ್‌ಪ್ಲೇಟ್ ಅನ್ನುವ ತೆಳು ತಟ್ಟೆ ಹಾಕಬೇಕು. ಕ್ರ್ಯಾಂಕಿನ ತುದಿಯಲ್ಲಿರುವ ಪೈಲಟ್ ಬುಶ್ ಅನ್ನುವ ಸಣ್ಣ ಬಳೆ ತೆಗೆಯಲೇಬೇಕು, ಇಲ್ಲದಿದ್ದರೆ ಕ್ಲಚ್ ಬದಲು ಆಯಿಲ್ ಮೂಲಕ ಎಂಜಿನ್ ಬಲವನ್ನು ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಒಳಗೆ ಕೂರುವುದಿಲ್ಲ. ಆಮೇಲೆ ಎಂಜಿನ್‌ಗೂ ಬಾಕ್ಸಿಗೂ ನಡುವಿನ ಗಂಟೆಯಾಕಾರದ ಕವಚ, ಬೆಲ್‌ಹೌಸಿಂಗ್. 1964ರ ಮಧ್ಯದವರೆಗಿನ ಎಂಜಿನ್‌ಗಳಿಗೆ ಐದು ಬೋಲ್ಟ್, ಆಮೇಲಿನವಕ್ಕೆ ಆರು, ನೋಡಿ ತೆಗೆದುಕೊಳ್ಳಿ. ಆಕ್ಸಿಲರೇಟರ್ ಪೂರ್ತಿ ತುಳಿದಾಗ ಗೇರ್ ಕೆಳಗಿಳಿಸುವ ಕಿಕ್‌ಡೌನ್ ರಾಡ್, ವ್ಯಾಕ್ಯೂಮ್ ಪೈಪ್, ಅಗಲವಾದ ಬ್ರೇಕ್ ಪೆಡಲ್, ಆಯಿಲ್ ತಣ್ಣಗಾಗಿಸುವ ಕೂಲರ್. ಮ್ಯಾನುಯಲ್ ಕಾರಿನ ರೇಡಿಯೇಟರ್‌ನಲ್ಲಿ ಆ ಕೂಲರ್ ಇರುವುದಿಲ್ಲ, ನಾವು ರೇಡಿಯೇಟರ್ ಮುಂದುಗಡೆ ಬೇರೆಯದೇ ಒಂದು ಹಾಕಿಸಿದೆವು. ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಮಾತ್ರ ಸ್ಟಾರ್ಟ್ ಆಗುವಂತೆ ಮಾಡುವ ಸ್ವಿಚ್ ಅನ್ನು ಯಾರಾದರೂ "ಆಮೇಲೆ ಹಾಕೋಣ" ಅಂದರೆ ಕಾರು ಈಚೆಗೆ ತರಲೇಬೇಡಿ. ಗೇರಿನಲ್ಲಿದ್ದ ಕಾರು ಕೀ ತಿರುಗಿಸಿದ ತಕ್ಷಣ ಮುಂದಕ್ಕೆ ನುಗ್ಗಿದರೆ ಎದುರಿಗಿದ್ದವರ ಗತಿ ಏನು?

ಕೆಲಸ ಕೊಟ್ಟ ಮೊದಲನೇ ಗ್ಯಾರೇಜಿನ ಅನುಭವ ಚೆನ್ನಾಗಿರಲಿಲ್ಲ. ಹೆಸರು ಬೇಡ. ಮೂರು ವಾರ ಇಟ್ಟುಕೊಂಡು ಕೊಟ್ಟರು. ಗೇರ್ ನಯವಾಗಿ ಬೀಳುತ್ತಿತ್ತು, ಆದರೆ 2,000 ಆರ್‌ಪಿಎಂ ದಾಟಿದರೆ ಸೀಟು, ಕನ್ನಡಿ, ಸ್ಟೀರಿಂಗ್ ಎಲ್ಲ ಒಟ್ಟಿಗೆ ಅದುರುತ್ತಿತ್ತು. ವಾಪಸ್ ಒಯ್ದರೆ ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಸಮ ಇಲ್ಲ ಅಂದರು, ಅದನ್ನು ಬ್ಯಾಲೆನ್ಸ್ ಮಾಡಿ ಅದಕ್ಕೂ 250 ಡಾಲರ್ ತೆಗೆದುಕೊಂಡರು. ನಡುಕ ಹಾಗೇ ಇತ್ತು.

ಕೊನೆಗೆ ಹೇವರ್ಡ್‌ನಲ್ಲಿ ಒಬ್ಬರು ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆವು. ಅವರು ರಸ್ತೆಗೆ ತೆಗೆಯಲೇ ಇಲ್ಲ. ನ್ಯೂಟ್ರಲ್‌ಗೆ ಹಾಕಿಸಿ, ಆಕ್ಸಿಲರೇಟರ್ ಒತ್ತಿ ಎಂಜಿನ್ ವೇಗ ಏರಿಸಲು ನನಗೆ ಹೇಳಿ, ಮಡ್‌ಗಾರ್ಡ್ ಮೇಲೆ ಅಂಗೈ ಇಟ್ಟರು. ಅದೇ ನಡುಕ. ನಿಂತ ಕಾರಿನಲ್ಲಿ ಪ್ರೊಪೆಲ್ಲರ್ ಶಾಫ್ಟ್ ತಿರುಗುವುದೇ ಇಲ್ಲ ಅಲ್ವಾ, ಹಾಗಾದರೆ ದೋಷ ಅದಕ್ಕಿಂತ ಮುಂದೆಯೇ ಇದೆ ಅಂದರು. ಬಿಚ್ಚಿ ನೋಡಿದರೆ ಹಾಕಿದ್ದ ಫ್ಲೆಕ್ಸ್‌ಪ್ಲೇಟ್ 80ರ ದಶಕದ 5.0 ಎಂಜಿನ್‌ದು. ಎಂಜಿನ್ ಸಮತೋಲನಕ್ಕೆ ಅಂತ ಈ ತಟ್ಟೆಯ ಒಂದು ಕಡೆ ತೂಕದ ತುಂಡು ಬೆಸೆದಿರುತ್ತಾರೆ. ಅದರಿಂದಾಗುವ ವ್ಯತ್ಯಾಸ ಇದರಲ್ಲಿ 50 ಔನ್ಸ್-ಇಂಚ್, ನಮ್ಮ 289ಕ್ಕೆ ಬೇಕಾದದ್ದು 28. ಎರಡನ್ನೂ ಬೆಂಚಿನ ಮೇಲೆ ಅಕ್ಕಪಕ್ಕ ಇಟ್ಟು ತೋರಿಸಿದರು. ಬೆಸುಗೆ ಹಾಕಿದ ಆ ಕಬ್ಬಿಣದ ತುಂಡು ಒಂದರಲ್ಲಿ ಎಷ್ಟು ದೊಡ್ಡದು ಅಂತ ಬರಿಗಣ್ಣಿಗೇ ಕಾಣುತ್ತಿತ್ತು.

ಮತ್ತೆ ಜೋಡಿಸುವಾಗ ಕನ್ವರ್ಟರ್ ಕೂರಿಸುವುದನ್ನು ನನ್ನ ಕೈಯಲ್ಲೇ ಮಾಡಿಸಿದರು. ಒಳಗೆ ಒತ್ತುತ್ತಾ ನಿಧಾನವಾಗಿ ತಿರುಗಿಸಬೇಕು. ಒಂದು ಸಲ ಟಕ್ ಅಂತ ಒಳಗೆ ಜಾರುತ್ತದೆ, ಕೂತಿತು ಅನ್ನಿಸುತ್ತದೆ, ಕೂತಿರುವುದಿಲ್ಲ. ಇನ್ನೊಂದಿಷ್ಟು ತಿರುಗಿಸಿದರೆ ಮತ್ತೊಂದು ಟಕ್. ಪೂರ್ತಿ ಕೂರದೆ ಬೋಲ್ಟ್ ಬಿಗಿದರೆ ಬಾಕ್ಸಿನ ಮುಂಭಾಗದ ಆಯಿಲ್ ಪಂಪ್ ಒಡೆಯುತ್ತದೆ, ಇಡೀ ಬಾಕ್ಸ್ ಮತ್ತೆ ಕೆಳಗಿಳಿಸಬೇಕು. ಅವರು ಪ್ರತಿ ಸಲ ಅಳತೆಪಟ್ಟಿ ಹಿಡಿದು ಆಳ ನೋಡುತ್ತಾರಂತೆ. ಇಂಥವರು ಸಿಕ್ಕರೆ ಎರಡು ತಿಂಗಳು ಕಾಯಬೇಕಾದರೂ ಕಾಯಿರಿ.

ಈಗ ಕಾರು ಹೇಗಿದೆ? ಬಹಳ ಚೆನ್ನಾಗಿದೆ. 1966ರ ಲಿವರ್‌ನಲ್ಲಿ ಡಿ ಅಕ್ಷರದ ಬದಲು ಚುಕ್ಕೆಗಳಿವೆ. ಹಸಿರು ಚುಕ್ಕೆಗೆ ಹಾಕಿದರೆ ಮೊದಲ ಗೇರಿನಿಂದ ಹೊರಡುತ್ತದೆ, ಇನ್ನೊಂದಕ್ಕೆ ಹಾಕಿದರೆ ಎರಡನೇ ಗೇರಿನಿಂದ, ಜಾರುವ ರಸ್ತೆಗೆ ಅಂತ. ಇದು ತಿಳಿಯದೆ ಮೊದಲ ವಾರ ತಪ್ಪು ಚುಕ್ಕೆಯಲ್ಲಿ ಓಡಿಸಿ ಕಾರಿಗೆ ಎಳೆತವೇ ಇಲ್ಲ ಅಂತ ಗಾಬರಿಯಾಗಿದ್ದೆವು. ಸಿಗ್ನಲ್ ಬಿಟ್ಟ ಕೂಡಲೇ ಹೊರಡುವ ಚುರುಕು ಸ್ವಲ್ಪ ಕಡಿಮೆಯಾಗಿದೆ, ಪೆಟ್ರೋಲೂ ಸ್ವಲ್ಪ ಜಾಸ್ತಿ ಕುಡಿಯುತ್ತದೆ. ಕೈಯಲ್ಲಿ ಗೇರ್ ಹಾಕುವ ಖುಷಿ ಹೋಯಿತು, ಅದು ನನಗೆ ಇವತ್ತಿಗೂ ನೆನಪಾಗುತ್ತದೆ. ಒಂದು ಎಚ್ಚರಿಕೆ ಇರಲಿ. ಎಡಗಾಲು ಅಭ್ಯಾಸಬಲದಿಂದ ಕ್ಲಚ್ ಹುಡುಕಿ ಅಗಲ ಬ್ರೇಕ್ ಪೆಡಲ್ ಒತ್ತಿಬಿಡುತ್ತದೆ. ಖಾಲಿ ಪಾರ್ಕಿಂಗ್ ಜಾಗದಲ್ಲಿ ಒಂದೆರಡು ದಿನ ಅಭ್ಯಾಸ ಮಾಡಿಯೇ ರಸ್ತೆಗೆ ಇಳಿಯಿರಿ.

ಊರಿನಿಂದ ನಮ್ಮ ಭಾವ ಫೋನ್ ಮಾಡಿ ಅವರ ಪ್ರೀಮಿಯರ್ ಪದ್ಮಿನಿಗೂ ಹೀಗೆ ಹಾಕಿಸಬಹುದಾ ಅಂತ ಕೇಳಿದರು. ಬೇಡ ಭಾವ ಅಂದೆ. ಅದು 1,089 ಸಿಸಿಯ ಸಣ್ಣ ಎಂಜಿನ್, ಇರುವ ಶಕ್ತಿಯಲ್ಲಿ ಕನ್ವರ್ಟರ್ ಒಂದು ಪಾಲು ನುಂಗುತ್ತದೆ. ಕಂಪನಿ ಅದಕ್ಕೆ ಆಟೋಮ್ಯಾಟಿಕ್ ಕೊಟ್ಟೇ ಇರಲಿಲ್ಲ, ಹಾಗಾಗಿ ಎಲ್ಲವನ್ನೂ ಹೊಸದಾಗಿ ಮಾಡಿಸಬೇಕು. ಮೇಲಾಗಿ ಇಂಡಿಯಾದಲ್ಲಿ ಗಾಡಿ ಮಾರ್ಪಡಿಸುವುದರ ಮೇಲೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಆರ್‌ಟಿಓ ಕೇಳದೆ ಇಂಥ ಕೆಲಸಕ್ಕೆ ಕೈ ಹಾಕಬಾರದು. ಅಂಗವೈಕಲ್ಯ ಇರುವವರಿಗಾಗಿ ಗಾಡಿ ಬದಲಾಯಿಸಲು ಅದೇ ಕಾಯ್ದೆಯಲ್ಲಿ ದಾರಿ ಇದೆ, ಅಂಥವರು ಮೊದಲು ಅದನ್ನು ವಿಚಾರಿಸಲಿ.

ನಮಗೆ ಎಲ್ಲ ಸೇರಿ 6,400 ಡಾಲರ್ ಆಯಿತು, ಅದರಲ್ಲಿ ಎರಡನೇ ಸಲ ಬಿಚ್ಚಿ ಜೋಡಿಸಿದ ಖರ್ಚೂ ಇದೆ. ಬಾಕ್ಸಿಗೆ ಟೈಪ್ ಎಫ್ ಅನ್ನುವ ಆಟೋಮ್ಯಾಟಿಕ್ ಆಯಿಲ್ ಮಾತ್ರ ಹಾಕುತ್ತೇವೆ. ಹಳೇ ಮೂರು ಗೇರಿನ ಬಾಕ್ಸ್, ಫ್ಲೈವೀಲ್, ಪೆಡಲ್, ಲಿಂಕೇಜ್ ಎಲ್ಲದಕ್ಕೂ ಗ್ರೀಸ್ ಬಳಿದು, ಬಟ್ಟೆ ಸುತ್ತಿ, ಚೀಟಿ ಅಂಟಿಸಿ ಶೆಡ್ಡಿನ ಕೆಳಗಿನ ಹಲಗೆಯ ಮೇಲೆ ಇಟ್ಟಿದ್ದೇನೆ. ಹೋದ ಭಾನುವಾರವೂ ಲಿವರ್‌ಮೋರ್‌ಗೆ ಹೋಗುವಾಗ ಓಡಿಸಿದ್ದು ನನ್ನ ಹೆಂಡತಿ, ಬರುವಾಗಲೂ ಕೀ ನನ್ನ ಕೈಗೆ ಕೊಡಲಿಲ್ಲ.