ಟರ್ಬೋ ಕಾರಿಗೆ ಏರ್-ಫ್ಯೂಯೆಲ್ ಗೇಜ್ ಹಾಕಿಸೋರೇ, ದುಡ್ಡು ಕೊಡೋ ಮುಂಚೆ ವೈರ್ ಎಣಿಸಿ

ಇವತ್ತು ಬೆಳಿಗ್ಗೆ ಕಾಫಿ ಕುಡಿಯುತ್ತಾ ವಾಟ್ಸಾಪ್ ಸ್ಟೇಟಸ್ ನೋಡುತ್ತಿದ್ದೆ. ಈ ಗೇಜ್ ಹೆಸರಲ್ಲಿ ನನಗೆ ಟೋಪಿ ಹಾಕಿದ ಅಂಗಡಿಯವರ ಸ್ಟೇಟಸ್ ಬಂತು. 'ಟರ್ಬೋ ಕಾರುಗಳಿಗೆ ಒರಿಜಿನಲ್ ವೈಡ್‌ಬ್ಯಾಂಡ್ ಗೇಜ್, ಫಿಟ್ಟಿಂಗ್ ಸಮೇತ, ಆಫರ್!' ಕೆಳಗೆ ಒಂದು ಫೋಟೋ. ಆ ಫೋಟೋ ನನ್ನ ಕಾರಿನದು. ನನ್ನ ಡ್ಯಾಶ್‌ಬೋರ್ಡ್, ಅದರ ಮೇಲೆ ನನ್ನ ಹೆಂಡತಿ ಅಂಟಿಸಿದ ಚಾಮುಂಡಿ ತಾಯಿ ಪಟ, ಪಕ್ಕದಲ್ಲಿ ಆ ದರಿದ್ರ ಗೇಜ್. ಮೈ ಉರಿದುಹೋಯಿತು. ನಾಚಿಕೆಗೆ ಮೂರು ತಿಂಗಳಿಂದ ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ಸುಮ್ಮನಿರಲ್ಲ.

ಅಂಗಡಿ ಹೆಸರು ಬರೆಯುವುದಿಲ್ಲ. ಬಿಲ್ ಅಂತ ಕೊಟ್ಟಿದ್ದು ಒಂದು ಚೀಟಿ, ಅದರಲ್ಲಿ ಜಿಎಸ್‌ಟಿ ನಂಬರೂ ಇಲ್ಲ, ಸೀಲೂ ಇಲ್ಲ. ಮೈಸೂರಿನದೇ ಅಂಗಡಿ, ಅಷ್ಟು ಸಾಕು.

ನನ್ನದು 2003ರ ಮಾರುತಿ ಬಲೆನೋ. ಈಗಿನದಲ್ಲ, ಹಳೇ ಸೆಡಾನ್, 1.6 ಲೀಟರ್ ಇಂಜಿನ್. ಬೆಂಗಳೂರಿನಲ್ಲಿ ಟರ್ಬೋ ಕೂರಿಸಿ ಎರಡು ವರ್ಷ ಆಯಿತು, ಅರ್ಧ ಬಾರ್ ಬೂಸ್ಟ್ (ಟರ್ಬೋ ಇಂಜಿನ್ ಒಳಗೆ ತಳ್ಳೋ ಗಾಳಿಯ ಒತ್ತಡ) ಅಷ್ಟೇ. (ಆರ್‌ಟಿಒ ವಿಷಯ ಇಲ್ಲಿ ತೆಗೆಯಬೇಡಿ, ದಯವಿಟ್ಟು.) ಟ್ಯೂನ್ ಮಾಡಿದ ಹುಡುಗ ಆವಾಗಲೇ ಹೇಳಿದ್ದ: ಅಣ್ಣ, ಒಂದು ವೈಡ್‌ಬ್ಯಾಂಡ್ ಗೇಜ್ ಹಾಕಿಸಿಕೊಳ್ಳಿ, ಕಣ್ಣೆದುರಿಗೆ ಇರಬೇಕು. ಹೊಗೆ ಪೈಪಿನಲ್ಲಿ ಒಂದು ಸೆನ್ಸಾರ್ ಕೂರಿಸಿ, ಇಂಜಿನ್‌ನಲ್ಲಿ ಗಾಳಿ, ಪೆಟ್ರೋಲ್ ಎಷ್ಟೆಷ್ಟು ಉರೀತಿದೆ ಅಂತ ಅಂಕಿಯಲ್ಲಿ ತೋರಿಸೋ ಮೀಟರ್ ಅದು. ಯಾಕೆ ಬೇಕು ಅಂದರೆ, ಒಂದು ಗ್ರಾಂ ಪೆಟ್ರೋಲ್‌ಗೆ 14.7 ಗ್ರಾಂ ಗಾಳಿ ಅನ್ನೋದು ಆರಾಮಾಗಿ ಓಡಿಸುವಾಗಿನ ಲೆಕ್ಕ. ಬೂಸ್ಟ್ ಬಂದಾಗ ಪೆಟ್ರೋಲ್ ಜಾಸ್ತಿ ಬೇಕು (ಇದಕ್ಕೆ ರಿಚ್ ಅಂತಾರೆ), 11.5ರಿಂದ 12.5ರ ಒಳಗೆ ಇರಬೇಕು. ಗಾಳಿ ಜಾಸ್ತಿ ಆದರೆ (ಇದು ಲೀನ್) ನಾಕಿಂಗ್, ಅಂದರೆ ಸಿಲಿಂಡರ್ ಒಳಗೆ ಪೆಟ್ರೋಲ್ ತಾನಾಗೇ ಸಿಡಿಯೋದು, ಆಮೇಲೆ ಪಿಸ್ಟನ್ ಕಥೆ ಮುಗೀತು.

ಬೆಂಗಳೂರಿಗೆ ಯಾರು ಹೋಗ್ತಾರೆ, ಇಲ್ಲೇ ಹಾಕಿಸೋಣ ಅಂತ ಆ ಅಂಗಡಿಗೆ ಹೋದೆ. ನನ್ನ ಮೊದಲ ತಪ್ಪು ಅದೇ.

"ವೈಡ್‌ಬ್ಯಾಂಡ್ ಇದೆಯಾ?" ಅಂದೆ.

"ಇದೆ ಸಾರ್. ನಿಮ್ಮಂಥೋರಿಗೇ ತರಿಸಿರೋದು. ಕೂತ್ಕೊಳಿ ಸಾರ್, ಲೋ, ಸಾರ್‌ಗೆ ಟೀ ಹೇಳೋ."

ಚೀಟಿ ಇನ್ನೂ ಇಟ್ಟುಕೊಂಡಿದ್ದೇನೆ. ವೈಡ್‌ಬ್ಯಾಂಡ್ ಗೇಜ್ 11,000. ಸೆನ್ಸಾರ್ 6,500. ವೆಲ್ಡಿಂಗ್ ಮತ್ತು ಫಿಟ್ಟಿಂಗ್ 2,000. ಒಟ್ಟು 19,500. ಸೆನ್ಸಾರ್ ಡಬ್ಬಿಯನ್ನೂ ಕೈಗೆ ಕೊಟ್ಟು ತೋರಿಸಿದರು. ನಾನು ಡಬ್ಬಿ ತೆಗೆದು ನೋಡಿದೆನಾ? ಇಲ್ಲ. "ಎರಡು ಗಂಟೆ ಹಿಡಿಯತ್ತೆ ಸಾರ್, ಊಟ ಮುಗಿಸ್ಕೊಂಡು ಬನ್ನಿ" ಅಂದರು. ನಾನು ಅಗ್ರಹಾರಕ್ಕೆ ಹೋಗಿ ಮಸಾಲೆ ದೋಸೆ ತಿಂದು, ಕಾಫಿ ಕುಡಿದು, ನಿಧಾನವಾಗಿ ಬಂದೆ. ದೋಸೆ ತಿನ್ನೋ ಬದಲು ಕಾರಿನ ಕೆಳಗೆ ಬಗ್ಗಿ ನೋಡಿದ್ದರೆ ಈ ಬರಹ ಇರುತ್ತಿರಲಿಲ್ಲ.

ಗೇಜ್ ನೋಡಲು ಚೆನ್ನಾಗಿತ್ತು. ಕೆಂಪು ಅಂಕಿ, ಸುತ್ತ ಬಣ್ಣಬಣ್ಣದ ದೀಪ. ಆದರೆ ರಿಂಗ್ ರೋಡಿನಲ್ಲಿ ಒಂದೇ ವೇಗದಲ್ಲಿ ಹೋಗುವಾಗಲೂ ಅಂಕಿ ಒಂದು ಕಡೆ ನಿಲ್ಲುತ್ತಿರಲಿಲ್ಲ. 13.9, 15.6, 14.1, 15.8. ದಸರಾ ದೀಪದ ಸರದ ಹಾಗೆ ಮಿನುಗುತ್ತಲೇ ಇತ್ತು. ಫೋನ್ ಮಾಡಿದೆ.

"ಟರ್ಬೋ ಅಲ್ವಾ ಸಾರ್, ಕುಣಿಯತ್ತೆ."

ವಾರ ಬಿಟ್ಟು ಮತ್ತೆ ಮಾಡಿದೆ.

"ಸಾರ್, ಈಗ ಪೆಟ್ರೋಲ್‌ನಲ್ಲಿ ಶೇಕಡಾ 20 ಎಥನಾಲ್ ಬೆರೆಸ್ತಾರೆ. ಮೀಟರ್‌ಗೆ ಕನ್‌ಫ್ಯೂಸ್ ಆಗತ್ತೆ."

ಎಷ್ಟು ಚೆನ್ನಾಗಿ ಹೇಳಿದರು ಅಂದರೆ ನಂಬಿಬಿಟ್ಟೆ. ಎಥನಾಲ್ ಬೆರೆತರೆ ಬೇಕಾದ ಗಾಳಿಯ ಲೆಕ್ಕ ಬದಲಾಗೋದು ನಿಜ. 20 ಬೆರೆತರೆ ಸರಿಯಾದ ಅನುಪಾತ ಸುಮಾರು 13.5ಕ್ಕೆ ಇಳಿಯುತ್ತದೆ. ಆದರೆ ಸೆನ್ಸಾರ್‌ಗೆ ಪೆಟ್ರೋಲೂ ಗೊತ್ತಿಲ್ಲ, ಎಥನಾಲೂ ಗೊತ್ತಿಲ್ಲ. ಹೊಗೆಯಲ್ಲಿ ಆಕ್ಸಿಜನ್ ಮಿಕ್ಕಿದೆಯಾ, ಕಡಿಮೆ ಬಿದ್ದಿದೆಯಾ, ಅಷ್ಟೇ ಅದಕ್ಕೆ ಕಾಣೋದು. ಉರಿ ಸರಿಯಾಗಿದ್ದರೆ ಪೆಟ್ರೋಲ್ ಲೆಕ್ಕದ ಗೇಜ್ ಆಗಲೂ 14.7 ಅಂತಲೇ ತೋರಿಸುತ್ತದೆ. ಕನ್‌ಫ್ಯೂಸ್ ಆಗಿದ್ದು ಮೀಟರ್ ಅಲ್ಲ, ನಾನು.

ಇನ್ನು ನನಗೆ ನಿಜವಾಗಿ ನಾಚಿಕೆ ಆಗುವ ಭಾಗ. ಒಂದು ಭಾನುವಾರ ಗೆಳೆಯನನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತುತ್ತಿದ್ದೆ. ಮೂರನೇ ಗೇರ್, ಬೂಸ್ಟ್ ಪೂರ್ತಿ. ತಗಡಿನ ಡಬ್ಬಿಯಲ್ಲಿ ಕಡಲೆಕಾಳು ಅಲ್ಲಾಡಿಸಿದ ಹಾಗೆ ಸದ್ದು. "ಏನೋ ಅದು ಟಿಣ್ ಟಿಣ್ ಅಂತಿದೆ?" ಅಂದ ಅವನು. ನಾನು ಗೇಜ್ ಕಡೆ ಬೆರಳು ತೋರಿಸಿದೆ. "ಇಲ್ನೋಡು ಗುರು, 12.0. ಕಲ್ಲು ಬಂಡೆ ಥರ ನಿಂತಿದೆ. ಇಂಜಿನ್ ಪಕ್ಕಾ ಸೇಫು." ನನ್ನ ಕಿವಿಗೆ ಕೇಳಿದ್ದನ್ನು ಬಿಟ್ಟು ಆ ದೀಪ ನಂಬಿದೆ. ನನ್ನ ಕಿವಿಗೆ ಕೇಳಿದ್ದನ್ನು ಬಿಟ್ಟು! ಬೂಸ್ಟ್ ಬಂದಾಗೆಲ್ಲ 12.0, ಮೂರು ಸಾವಿರ ಆರ್‌ಪಿಎಂಗೂ 12.0, ಐದೂವರೆ ಸಾವಿರಕ್ಕೂ 12.0. ಅಷ್ಟು ಚೊಕ್ಕವಾಗಿ ಯಾವ ಇಂಜಿನ್ ಓಡುತ್ತದೆ ಅಂತ ಒಂದು ಸಲವೂ ಯೋಚಿಸಲಿಲ್ಲ.

ಎರಡು ವಾರಕ್ಕೆ ಬೆಂಗಳೂರು ಎಕ್ಸ್‌ಪ್ರೆಸ್‌ವೇಯಲ್ಲಿ, ಶ್ರೀರಂಗಪಟ್ಟಣ ದಾಟಿ ಮಂಡ್ಯ ಹತ್ತಿರ ಬರುತ್ತಿದ್ದ ಹಾಗೆ ಕಾರು ಸೊರಗಿತು. ಎಳೆತ ಇಲ್ಲ, ಬಾನೆಟ್ ಸಂದಿಯಿಂದ ಆಯಿಲ್ ಸುಟ್ಟ ಹೊಗೆ. ಟೋಯಿಂಗ್ ಗಾಡಿ ಕರೆಸಿ ಮಂಡ್ಯದಲ್ಲಿ ನಮ್ಮ ಭಾವನಿಗೆ ಪರಿಚಯದ ಗ್ಯಾರೇಜಿಗೆ ತಂದೆ. ಹಳೇ ಗ್ಯಾರೇಜು, ಐವತ್ತು ದಾಟಿದ ಮೇಸ್ತ್ರಿ. ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ ನೋಡಿದರು. ಮೂರು ಸಿಲಿಂಡರ್ 160ರ ಆಸುಪಾಸು, ಒಂದು 85.

"ಮೇಸ್ತ್ರೀ, ಗೇಜ್ ಸರಿಯಾಗೇ ತೋರಿಸ್ತಿತ್ತಲ್ಲ" ಅಂದೆ.

"ಯಾವ್ ಗೇಜು ಸಾ? ಅದ್ರ ಸೆನ್ಸಾರ್ ಎಲ್ಲದೆ?"

ಕಾರನ್ನು ಮೇಲೆತ್ತಿ ಡೌನ್‌ಪೈಪ್, ಅಂದರೆ ಟರ್ಬೋದಿಂದ ಹೊರಡೋ ಹೊಗೆ ಪೈಪಿನ ಉದ್ದಕ್ಕೂ ಟಾರ್ಚ್ ಬಿಟ್ಟರು. ಟರ್ಬೋದಿಂದ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್‌ವರೆಗೆ. ವೆಲ್ಡಿಂಗ್ ಗುರುತೇ ಇಲ್ಲ. ಎರಡು ಸಾವಿರ ಕೊಟ್ಟ ವೆಲ್ಡಿಂಗ್! ಇದ್ದದ್ದು ಕಂಪನಿಯಿಂದ ಬಂದ ಹಳೇ ಸೆನ್ಸಾರ್ ಒಂದೇ. ಅದರ ನಾಲ್ಕು ವೈರಿನಲ್ಲಿ ಕಪ್ಪು ವೈರಿನ ಸಿಪ್ಪೆ ಸುಲಿದು, ಒಂದು ನೀಲಿ ವೈರ್ ಸುತ್ತಿ, ಮೇಲೆ ಇನ್ಸುಲೇಶನ್ ಟೇಪ್ ಹೊಡೆದಿದ್ದರು. ಶಾಖಕ್ಕೆ ಟೇಪಿನ ಗೋಂದು ಕರಗಿ ಬೆಲ್ಲದ ಪಾಕದ ಹಾಗೆ ಇಳಿದಿತ್ತು. ಆ ನೀಲಿ ವೈರ್ ನೇರ ಗೇಜಿಗೆ ಹೋಗಿತ್ತು. ಅಷ್ಟೇ. 19,500 ರೂಪಾಯಿಗೆ ಒಂದು ನೀಲಿ ವೈರ್.

ಮೇಸ್ತ್ರಿ ಏನೂ ಹೇಳಲಿಲ್ಲ. ಗೋಡೆ ಗಡಿಯಾರ ಇಳಿಸಿ ಅದರ ಸೆಲ್ ತೆಗೆದರು. ನೀಲಿ ವೈರ್ ಬಿಚ್ಚಿ, ಸೆಲ್ಲಿನ ಮೈನಸ್ ಅನ್ನು ಕಾರಿನ ಬಾಡಿಯ ಲೋಹಕ್ಕೆ ತಾಗಿಸಿ, ಪ್ಲಸ್‌ಗೆ ಆ ವೈರ್ ತಾಗಿಸಿದರು. ಗೇಜಿನಲ್ಲಿ 10.0 ಬಂತು. ಇಂಜಿನ್ ಆಫ್. ಬರೀ ಕೀ ತಿರುಗಿಸಿದೆ ಅಷ್ಟೇ.

"ನೋಡಿ ಸಾ, ಸೆಲ್ಲು ರಿಚ್ಚಾಗ್ ಓಡ್ತಾ ಅದೆ" ಅಂದರು. ಪಕ್ಕದಲ್ಲಿದ್ದ ಹುಡುಗರೆಲ್ಲ ನಕ್ಕರು. ನಾನೂ ನಕ್ಕ ಹಾಗೆ ಮಾಡಿದೆ.

ಕಾರಿನಲ್ಲಿ ಬರುವ ಸಾಮಾನ್ಯ ಸೆನ್ಸಾರ್ ನ್ಯಾರೋಬ್ಯಾಂಡ್. ಸೊನ್ನೆಯಿಂದ ಒಂದು ವೋಲ್ಟ್ ಒಳಗೆ ಅದರ ಆಟ, ಆ ವೋಲ್ಟನ್ನೇ ಈ ಗೇಜ್ ಅಂಕಿ ಮಾಡಿ ತೋರಿಸುತ್ತಿತ್ತು. 14.7ರ ಹತ್ತಿರ, 0.45 ವೋಲ್ಟ್ ಆಸುಪಾಸಿನಲ್ಲಿ, ಸ್ವಿಚ್ ಹಾಕಿದ ಹಾಗೆ ಆ ಕಡೆ ಈ ಕಡೆ ನೆಗೆಯುತ್ತದೆ. ಅದಕ್ಕೇ ನನ್ನ ಗೇಜ್ ಕುಣಿಯುತ್ತಿದ್ದದ್ದು. ರಿಚ್ ಕಡೆಗೆ ದಾಟಿದ ಮೇಲೆ 0.9ರ ಹತ್ತಿರ ಕೂತುಬಿಡುತ್ತದೆ. ಆಮೇಲೆ ನಿಜವಾದ ಅನುಪಾತ 11 ಇದ್ದರೂ 13.5 ಇದ್ದರೂ ಹೆಚ್ಚುಕಡಿಮೆ ಅದೇ ವೋಲ್ಟ್, ಗೇಜಿನಲ್ಲಿ ಅದೇ 12.0. ವೈಡ್‌ಬ್ಯಾಂಡ್ ಬೇರೆ ಜಾತಿ. ಜಾಸ್ತಿ ಬಳಕೆಯಲ್ಲಿರುವ ಬಾಷ್ ಎಲ್‌ಎಸ್‌ಯು 4.9 ಸೆನ್ಸಾರ್ ಆದರೆ ಐದು ವೈರ್, ಕನೆಕ್ಟರ್‌ನಲ್ಲಿ ಆರು ಪಿನ್. ಅದನ್ನು ನಡೆಸೋಕೆ ಕಂಟ್ರೋಲರ್ ಅನ್ನೋ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೇಕೇ ಬೇಕು. ಅದು ಗೇಜಿನ ಒಳಗಿರಬಹುದು, ಬೇರೆ ಡಬ್ಬಿಯಲ್ಲೂ ಇರಬಹುದು. ಒಂದು ನೀಲಿ ವೈರಿನಲ್ಲಿ ಆಗೋ ಕೆಲಸ ಅಲ್ಲವೇ ಅಲ್ಲ.

ಇಂಜಿನ್ ಹೆಡ್ ಇಳಿಸಿದರು. ಮೂರನೇ ಪಿಸ್ಟನ್‌ನಲ್ಲಿ ರಿಂಗ್ ಕೂರೋ ಜಾಗ ತುಂಡಾಗಿತ್ತು. ಫ್ಯೂಯೆಲ್ ಫಿಲ್ಟರ್ ಕಟ್ಟಿಕೊಂಡು ಮೇಲಿನ ಆರ್‌ಪಿಎಂನಲ್ಲಿ ಪೆಟ್ರೋಲ್ ಸಾಲುತ್ತಿರಲಿಲ್ಲವಂತೆ. ಫಿಲ್ಟರ್ ಬದಲಾಯಿಸದೆ ಇದ್ದದ್ದು ನನ್ನ ತಪ್ಪೇ, ಒಪ್ಪಿದೆ. ಆದರೆ ಅದನ್ನು ಹೇಳೋಕೆ ತಾನೇ ಸ್ವಾಮಿ ಗೇಜ್ ಅಂತ ಹಾಕಿಸೋದು?

ಈಗ ಅಂಗಡಿಯವರ ಉತ್ತರಗಳು. ಫೋಟೋ, ವಿಡಿಯೋ ಎಲ್ಲ ಕಳಿಸಿದೆ. ಸೆಲ್ ವಿಡಿಯೋ ಕೂಡ.

ಮೊದಲನೇ ಉತ್ತರ: "ಸಾರ್, ವೈಡ್‌ಬ್ಯಾಂಡ್ ಅಂದ್ರೆ ಡಿಸ್‌ಪ್ಲೇ ಸಾರ್. 52 ಎಂಎಂ, ದೊಡ್ಡದು."

ಎರಡು ಸಲ ಓದಿದೆ. ಮೂರನೇ ಸಲ ಜೋರಾಗಿ ಓದಿದೆ. ಗೇಜ್ ಅಗಲ ಇದೆಯಂತೆ, ಅದಕ್ಕೆ ವೈಡ್ ಅಂತೆ!

ಚೀಟಿಯಲ್ಲಿ ಸೆನ್ಸಾರ್ 6,500 ಅಂತ ಇದೆಯಲ್ಲ, ಸೆನ್ಸಾರ್ ಎಲ್ಲಿ ಅಂತ ಕೇಳಿದೆ. "ಹುಡುಗ ಹಾಕಿರೋದು, ಈಗ ಅವನು ಕೆಲಸ ಬಿಟ್ಟಿದ್ದಾನೆ." ಈ ಸಲ 'ಸಾರ್' ಇರಲಿಲ್ಲ, ಗಮನಿಸಿದೆ. ವೆಲ್ಡಿಂಗ್ ಎಲ್ಲಿ ಅಂದೆ. "ನೋಡ್ರೀ, ನೀವು ಬೇರೆ ಕಡೆ ಬಿಚ್ಚಿಸಿದೀರ. ವಾರಂಟಿ ಹೋಯ್ತು." ಇಂಜಿನ್ ಹೋಗಿದೆ ಅಂದೆ. "ಟರ್ಬೋ ಹಾಕ್ಸಿದ್ದು ನಾವಾ?" ಟೀ ತರಿಸಿ ಕೂರಿಸಿದ ಅದೇ ಮನುಷ್ಯ. ಅಂಗಡಿಗೇ ಹೋದೆ. ನಾಲ್ಕು ಜನ ಗಿರಾಕಿಗಳ ಮುಂದೆ "ಹೋಗಪ್ಪಾ, ವ್ಯಾಪಾರದ ಹೊತ್ತು" ಅಂದರು. ಸಾರ್ ಆಗಿದ್ದವನು ಒಂದೇ ತಿಂಗಳಲ್ಲಿ ಹೋಗಪ್ಪಾ ಆದೆ.

ಗ್ರಾಹಕರ ಆಯೋಗಕ್ಕೆ ಹಾಕು ಅಂತಾರೆ ಭಾವ. ಸೀಲಿಲ್ಲದ ಚೀಟಿ, ಆರ್‌ಸಿಯಲ್ಲಿ ಇಲ್ಲದ ಟರ್ಬೋ. ಏನಂತ ಹಾಕಲಿ?

ಹಾಕಿಸೋರು ಇದಿಷ್ಟು ಮಾಡಿ. ಡಬ್ಬಿ ನೀವೇ ಒಡೆಯಿರಿ, ಸೆನ್ಸಾರ್ ವೈರ್ ಎಣಿಸಿ. ನಾಲ್ಕೇ ಇದ್ದರೆ ಎದ್ದು ಬನ್ನಿ. ಸೆನ್ಸಾರ್ ಡಬ್ಬಿಯೇ ಬರದ, ಬರೀ ಗೇಜ್ ಇರುವ ಅಗ್ಗದ ಸೆಟ್ ಬೇಡ. ಎಇಎಂ, ಇನ್ನೋವೇಟ್ ಥರದ ಹೆಸರಿನದು ತಗೊಂಡರೂ ಸೆಟ್ ಒಳಗೆ ಸೆನ್ಸಾರ್ ಇದೆಯಾ ಅಂತ ನೋಡಿಯೇ ದುಡ್ಡು ಕೊಡಿ. ಸೆನ್ಸಾರ್ ಟರ್ಬೋ ಆದಮೇಲೆ, ಕನ್ವರ್ಟರ್‌ಗೆ ಮುಂಚೆ, ಟರ್ಬೋದಿಂದ ಒಂದೂವರೆ ಎರಡು ಅಡಿ ದೂರದಲ್ಲಿ, ಪೈಪಿನ ಮೇಲ್ಭಾಗದಲ್ಲಿ ಕೂರಬೇಕು. ಕೆಳಗೆ ಕೂರಿಸಿದರೆ ನೀರು ನಿಂತು ಹಾಳಾಗುತ್ತದೆ. ವೆಲ್ಡಿಂಗ್ ಮಾಡುವಾಗ ಅಲ್ಲೇ ನಿಂತಿರಿ. ಓಡಿಸುವಾಗ ಆಕ್ಸಿಲರೇಟರ್‌ನಿಂದ ಪೂರ್ತಿ ಕಾಲು ತೆಗೆದು ನೋಡಿ. ಪೆಟ್ರೋಲ್ ಕಟ್ ಆದಾಗ ಅಂಕಿ ಲೀನ್ ಕಡೆಯ ತುತ್ತತುದಿಗೆ ಹೋಗಬೇಕು, ಹೋಗದಿದ್ದರೆ ಏನೋ ಎಡವಟ್ಟು. (ಹೋಯಿತು ಅಂತ ವೈಡ್‌ಬ್ಯಾಂಡೇ ಅಂದುಕೊಳ್ಳಬೇಡಿ, ನ್ಯಾರೋಬ್ಯಾಂಡೂ ಹೋಗಬಹುದು.) ದೋಸೆ ಆಮೇಲೆ ತಿನ್ನಿ.

ಇಂಜಿನ್ ಇನ್ನೂ ಮಂಡ್ಯದಲ್ಲೇ ಇದೆ. ಪಿಸ್ಟನ್ ಸೆಟ್ ಹುಡುಕುತ್ತಿದ್ದಾರೆ, 2003ರ ಗಾಡಿಗೆ ಬೇಗ ಸಿಗಲ್ಲ. ಇಲ್ಲಿವರೆಗೆ ಮೇಸ್ತ್ರಿ ಕೊಟ್ಟ ಅಂದಾಜು 62,000. ಮನೆಯಲ್ಲಿ 40 ಅಂತ ಹೇಳಿದ್ದೇನೆ.

ಇವತ್ತು ಸ್ಟೇಟಸ್ ನೋಡಿದ ಮೇಲೆ ಮತ್ತೊಂದು ಮೆಸೇಜ್ ಹಾಕಿದೆ. ದುಡ್ಡಿನ ಮಾತು ಬೇಡ, ಕಡೇಪಕ್ಷ ನನ್ನ ಕಾರಿನ ಫೋಟೋ ಆದರೂ ತೆಗೀರಿ ಅಂತ. ಹತ್ತು ನಿಮಿಷಕ್ಕೆ ಉತ್ತರ ಬಂತು.

"ಫೋಟೋ ತೆಗೆದಿದ್ದು ನಾವಲ್ವಾ."