ಟೆಕ್ಸನ್ ಪಿಎಲ್-380: ಕಾಪು ಕಡಲ ಬದಿಯಲ್ಲಿ ಮೀಡಿಯಂ ವೇವ್

ಎಫ್‌ಎಂ ಹಾಡು ಕೇಳುವುದಕ್ಕೆ ರೇಡಿಯೊ ಬೇಕಿದ್ದರೆ ಟೆಕ್ಸನ್ ಕಂಪನಿಯ ಈ ಪಿಎಲ್-380 ರೇಡಿಯೊಗೆ ದುಡ್ಡು ಹಾಕಬೇಡಿ, ಮೊಬೈಲ್ ಸಾಕು. ರಾತ್ರಿ ಹೊತ್ತು ದೂರದ ಎಎಂ ಸ್ಟೇಷನ್ ಹುಡುಕುವ ಹುಚ್ಚು, ಅಂದರೆ ಡಿಎಕ್ಸಿಂಗ್ ಹುಚ್ಚು ಇದ್ದವರಿಗೆ ಮಾತ್ರ ಇದನ್ನು ಬರೆಯುತ್ತಿದ್ದೇನೆ.

ಮಲ್ಪೆ ಬಂದರಿನಲ್ಲಿ ಬೋಟುಗಳ ಫಿಶ್‌ಫೈಂಡರ್, ವೈರ್‌ಲೆಸ್ ರಿಪೇರಿ ನನ್ನ ಕೆಲಸ. ಅಲ್ಲೇ ಕೂತು ರೇಡಿಯೊ ಕೇಳೋಣ ಅಂದರೆ ಆಗುವುದಿಲ್ಲ. ಇನ್ವರ್ಟರ್, ಎಲ್‌ಇಡಿ ದೀಪ, ಚಾರ್ಜರ್ ಎಲ್ಲಾ ಸೇರಿ ಬ್ಯಾಂಡ್ ತುಂಬಾ ಗುಂಯ್ ಅನ್ನಿಸುತ್ತವೆ. ಅದಕ್ಕೇ ಕಾಪುವಿಗೆ ಹೋಗಿ, ಕರೆಂಟ್ ಕಂಬಗಳಿಂದ ದೂರ ಮರಳಿನ ಮೇಲೆ ಕೂರುತ್ತೇನೆ. ಪಶ್ಚಿಮಕ್ಕೆ ಬರೀ ಅರಬ್ಬೀ ಸಮುದ್ರ. ಉಪ್ಪುನೀರಿನ ಮೇಲೆ ಮೀಡಿಯಂ ವೇವ್, ಅಂದರೆ ಈ ಎಎಂ ಸ್ಟೇಷನ್‌ಗಳ ಅಲೆ, ಒಣನೆಲಕ್ಕಿಂತ ಎಷ್ಟೋ ಸಲೀಸಾಗಿ ಸಾಗುತ್ತದೆ. ಮಧ್ಯಾಹ್ನದ ಬಿಸಿಲಲ್ಲೂ 684 ಕಿಲೋಹರ್ಟ್ಜ್‌ನಲ್ಲಿ ಕೋಯಿಕ್ಕೋಡ್ ಹಿಡಿದಿದ್ದೇನೆ. ಕತ್ತಲಾದ ಮೇಲಂತೂ ಹಗಲಿಡೀ ಅಲೆಯನ್ನು ನುಂಗುತ್ತಿದ್ದ, ವಾತಾವರಣದ ಮೇಲ್ಭಾಗದ ಡಿ ಪದರ ಕರಗಿಹೋಗುತ್ತದೆ, ಇನ್ನೂ ಮೇಲಿನ ಪದರಕ್ಕೆ ತಾಗಿ ಸಿಗ್ನಲ್ ನೂರಾರು ಮೈಲಿ ದೂರದಿಂದ ಬಂದು ಬೀಳುತ್ತದೆ.

ಆಗಲೇ ನಿಜವಾದ ತೊಂದರೆ ಶುರು. ನಮ್ಮ ಕಡೆ ಸ್ಟೇಷನ್‌ಗಳು 9 ಕಿಲೋಹರ್ಟ್ಜ್‌ಗೊಂದರಂತೆ ಒತ್ತೊತ್ತಾಗಿ ಕೂತಿವೆ. ಸಿಗ್ನಲ್ ಬರುವುದಿಲ್ಲ ಅನ್ನುವುದಲ್ಲ, ಎಲ್ಲವೂ ಒಟ್ಟಿಗೇ ಬರುತ್ತವೆ ಅನ್ನುವುದು ಸಮಸ್ಯೆ. ಕಾಪುವಿಗೆ ಮಂಗಳೂರು ಆಕಾಶವಾಣಿಯ ಬ್ರಹ್ಮಾವರದ ಟ್ರಾನ್ಸ್‌ಮಿಟರ್ ತೀರಾ ಹತ್ತಿರ. ಅದು 1089ರಲ್ಲಿ ಗುಡುಗಿದರೆ ಸಾದಾ ರೇಡಿಯೊದಲ್ಲಿ ಅಕ್ಕಪಕ್ಕದ ಯಾವುದೂ ಉಳಿಯುವುದಿಲ್ಲ. ಪಿಎಲ್-380ರಲ್ಲಿ ಅಕ್ಕಪಕ್ಕದ ಸ್ಟೇಷನ್ ತಡೆಯುವ ಎಎಂ ಫಿಲ್ಟರ್‌ನ ಅಗಲಕ್ಕೆ 6, 4, 3, 2, 1 ಕಿಲೋಹರ್ಟ್ಜ್ ಅಂತ ಐದು ಹಂತ ಇದೆ. 2ಕ್ಕೆ ಇಳಿಸಿ, ರೇಡಿಯೊವನ್ನು ಮೆಲ್ಲಗೆ ತಿರುಗಿಸಿದರೆ 1071ರ ರಾಜ್‌ಕೋಟ್ ಬೇರೆಯಾಗಿ ನಿಲ್ಲುತ್ತದೆ. ತಿರುಗಿಸುವುದು ಯಾಕೆಂದರೆ ಒಳಗಿನ ಏರಿಯಲ್ ಆದ ಫೆರೈಟ್ ಕಡ್ಡಿಯ ತುದಿ ಯಾವ ಕಡೆಗಿದೆಯೋ ಆ ಕಡೆಯ ಸ್ಟೇಷನ್ ಕುಗ್ಗುತ್ತದೆ. ಮೇಲಿನ ಉದ್ದನೆಯ ಏರಿಯಲ್ ಮೀಡಿಯಂ ವೇವ್‌ಗೆ ಕೆಲಸಕ್ಕೇ ಬರುವುದಿಲ್ಲ, ಸುಮ್ನೆ ಎಳೆದು ಮುರಿಯಬೇಡಿ.

882ರಲ್ಲಿ ಶ್ರೀಲಂಕಾದ ಪುಟ್ಟಲಂನಿಂದ ಭಾರತದ ಭಾಷೆಗಳ ಕ್ರೈಸ್ತ ಕಾರ್ಯಕ್ರಮ ಬರುತ್ತದೆ. ಅದು 400 ಕಿಲೋವಾಟ್, ಹಿಡಿದರೆ ಹೆಚ್ಚುಗಾರಿಕೆಯೇನಿಲ್ಲ. ಕೊಲ್ಲಿಯ ಕಡೆ ನಮಗಿಂತ ಗಂಟೆಯ ಮೇಲೆ ತಡವಾಗಿ ಕತ್ತಲಾಗುತ್ತದೆ, ಹಾಗಾಗಿ ಆ ಸ್ಟೇಷನ್‌ಗಳಿಗೆ ಊಟ ಮುಗಿಸಿಯೇ ಕೂರುವುದು ವಾಸಿ. ಅಬುಧಾಬಿಯ ಟ್ರಾನ್ಸ್‌ಮಿಟರ್‌ನಿಂದ 1575ರಲ್ಲಿ ಬರುತ್ತಿದ್ದ ರೇಡಿಯೊ ಫರ್ದಾವನ್ನು ಪಕ್ಕದ ಬೀದಿಯಿಂದ ಬಂದಷ್ಟು ಸ್ಪಷ್ಟವಾಗಿ ಕೇಳಿದ್ದೇನೆ. ಫಾರ್ಸಿ ಒಂದಕ್ಷರ ಬರುವುದಿಲ್ಲ ಬಿಡಿ.

ಇಟಿಎಂ ಗುಂಡಿ ನನಗೆ ಬಹಳ ಇಷ್ಟ. ಒತ್ತಿ ಹಿಡಿದರೆ ಇಡೀ ಬ್ಯಾಂಡ್ ಹುಡುಕಿ, ನಿಮ್ಮ ಮೆಮೊರಿ ಕೆಡಿಸದೆ ಸಿಕ್ಕಿದ್ದನ್ನೆಲ್ಲ ಬೇರೆಯಾಗಿ ಇಟ್ಟುಕೊಳ್ಳುತ್ತದೆ. ಪರದೆಯಲ್ಲಿ ಸಿಗ್ನಲ್ ಬಲವೂ, ಸದ್ದಿಗೆ ಹೋಲಿಸಿದರೆ ಸಿಗ್ನಲ್ ಎಷ್ಟಿದೆ ಅನ್ನುವುದೂ ಅಂಕಿಯಲ್ಲಿ ಕಾಣುತ್ತದೆ. ಕ್ಯೂಎಸ್‌ಎಲ್ ಕಾರ್ಡಿಗಾಗಿ (ಕೇಳಿದ್ದು ನಿಜ ಅಂತ ಸ್ಟೇಷನ್ ಕಳಿಸುವ ಕಾರ್ಡು) ವರದಿ ಬರೆಯುವವರಿಗೆ ಇದು ಬಹಳ ಉಪಯೋಗ. ಡಿಆರ್‌ಎಂ ಡಿಜಿಟಲ್ ಪ್ರಸಾರ ಮಾತ್ರ ಇದರಲ್ಲಿ ಬರೀ ಸುಂಯ್.

ಕೊರತೆ ಇಲ್ಲವೇ? ಸಿಗ್ನಲ್ಲನ್ನು ಡಿಜಿಟಲ್ ಆಗಿ ಸೋಸುವ ಡಿಎಸ್‌ಪಿ ಚಿಪ್ ಇರುವ ಇಂಥ ಅಗ್ಗದ ರೇಡಿಯೊಗಳಲ್ಲಿ ಸಾಫ್ಟ್ ಮ್ಯೂಟ್ ಅಂತ ಒಂದು ಪೀಡೆ ಇದೆ. ಸಿಗ್ನಲ್ ಸೋತರೆ ಚಿಪ್ ತಾನೇ ಸದ್ದು ತಗ್ಗಿಸುತ್ತದೆ. ಅದೂ ಸರಿಯಾಗಿ ಸ್ಟೇಷನ್ ಹೆಸರು ಹೇಳುವ ಹೊತ್ತಿಗೇ! ಇದಕ್ಕೆ ಮದ್ದು ಸಿಗ್ನಲ್ ಹೆಚ್ಚಿಸುವುದು. ಹೊರಗಿನ ಏರಿಯಲ್‌ಗೆ ಜಾಕ್ ಇಲ್ಲದಿದ್ದರೂ ಪರವಾಗಿಲ್ಲ. ಮರದ ಚೌಕಟ್ಟಿಗೆ ತಂತಿ ಸುತ್ತಿ, ಹಳೇ ಟ್ರಾನ್ಸಿಸ್ಟರ್ ರೇಡಿಯೊದಲ್ಲಿ ಸ್ಟೇಷನ್ ತಿರುಗಿಸುವ ಗ್ಯಾಂಗ್ ಕಂಡೆನ್ಸರ್ ಸೇರಿಸಿ ಲೂಪ್ ಏರಿಯಲ್ ಮಾಡಿಕೊಳ್ಳಿ. ಗ್ಯಾಂಗ್ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹುಡುಕಿದರೆ ಸಿಗುತ್ತದೆ. ವೈರ್ ಜೋಡಿಸುವುದೇ ಬೇಡ, ರೇಡಿಯೊ ಪಕ್ಕ ಇಟ್ಟು ಟ್ಯೂನ್ ಮಾಡಿದರೆ ಅಂಕಿ ಏರುವುದು ಕಣ್ಣಿಗೇ ಕಾಣುತ್ತದೆ.

ಮೂರು ಎಎ ಸೆಲ್ ಬೇಕು. ಮನೆಗೆ ಬಂದ ಮೇಲೆ ತೆಗೆದಿಡಿ, ಉಪ್ಪುಗಾಳಿಗೆ ಯಾವ ಕಂಪನಿಯ ಸ್ಪ್ರಿಂಗೂ ಹಸಿರು ಹಿಡಿಯುತ್ತದೆ. ಏಪ್ರಿಲ್-ಮೇ ಗುಡುಗಿನ ಕಾಲದಲ್ಲಿ ಚಟಪಟ ಜಾಸ್ತಿ. ಕೊಂಡ ತಕ್ಷಣ ಆಗ ಕೇಳಿ ಬೈದುಕೊಳ್ಳಬೇಡಿ, ಡಿಸೆಂಬರ್‌ನಲ್ಲಿ ಕೇಳಿ.

ಎಸ್‌ಎಸ್‌ಬಿ (ಹ್ಯಾಮ್ ರೇಡಿಯೊದವರು ಬಳಸುವ ಪ್ರಸಾರದ ಬಗೆ) ಬೇಕೆನ್ನುವವರು ಇದೇ ಕಂಪನಿಯ ಪಿಎಲ್-330 ನೋಡಬಹುದು. ಹಳೇ ನೋಕಿಯಾ ಫೋನಿನ ಬಿಎಲ್-5ಸಿ ಬ್ಯಾಟರಿ ಅದಕ್ಕೆ ಹೊಂದುತ್ತದೆ. ಆದರೆ ಅದರ ಎಎಂ ಫಿಲ್ಟರ್ 2.5ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಬ್ರಹ್ಮಾವರ ಇಷ್ಟು ಹತ್ತಿರ ಇರುವ ನನಗೆ 380ನೇ ಸರಿ.