ಹೊಸ ಸ್ಪೋರ್ಟ್ಸ್ ಕಾರು ಬುಕ್ ಮಾಡ್ತಿದ್ದೀರಾ? ಒಳಗಿನ ಬಣ್ಣಕ್ಕೆ ಸಹಿ ಹಾಕುವ ಮೊದಲು ಇದನ್ನು ಓದಿ

ಮಧ್ಯಾಹ್ನ ಹನ್ನೆರಡೂವರೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬಿಡದಿ ದಾಟಿದ್ದೆ. ಕಾರು ಮನೆಗೆ ಬಂದು ಮೂರು ವಾರವೂ ಆಗಿರಲಿಲ್ಲ. ಮುಂದಿನ ಗಾಜಿನಲ್ಲಿ ರಸ್ತೆಗಿಂತ ಜಾಸ್ತಿ ನನ್ನ ಡ್ಯಾಶ್‌ಬೋರ್ಡೇ ಕಾಣುತ್ತಿತ್ತು. ಮರಳು ಬಣ್ಣದ ಚರ್ಮ, ಅದರ ಹೊಲಿಗೆ ಸಾಲು, ಎಸಿ ಕಿಂಡಿ, ಎಲ್ಲವೂ ಗಾಜಿನ ಮೇಲೆ ತೇಲುತ್ತಿದ್ದವು. ಮುಂದಿದ್ದ ಬೂದು ಬಣ್ಣದ ಲಾರಿ ಬ್ರೇಕ್ ಹಾಕಿದ್ದು ಗೊತ್ತಾಗುವಾಗ ಒಂದು ಕ್ಷಣ ತಡವಾಗಿತ್ತು. ಏನೂ ಆಗಲಿಲ್ಲ, ಪುಣ್ಯ. ಆದರೆ ಪಕ್ಕದಲ್ಲಿದ್ದ ಹೆಂಡತಿ ರಾಮನಗರದವರೆಗೂ ಮಾತಾಡಲಿಲ್ಲ.

ಈ ಬಣ್ಣವನ್ನು ನಾನೇ ಆರಿಸಿದ್ದು. ದುಡ್ಡು ಕೊಟ್ಟು ಆರಿಸಿದ್ದು. ಅದಕ್ಕೇ ಬರೆಯುತ್ತಿದ್ದೇನೆ.

ಸ್ಪೋರ್ಟ್ಸ್ ಕಾರಿನ ಮುಂದಿನ ಗಾಜು ತುಂಬಾ ಮಲಗಿರುತ್ತದೆ. ಅದರ ಕೆಳಗಿರುವ ಡ್ಯಾಶ್‌ಬೋರ್ಡಿನ ಮೇಲ್ಭಾಗ ತಿಳಿ ಬಣ್ಣದ್ದಾದರೆ, ನೆತ್ತಿ ಮೇಲಿನ ಬಿಸಿಲು ಅದಕ್ಕೆ ಬಡಿದು ಗಾಜಿಗೆ ಏರಿ ಸೀದಾ ನಮ್ಮ ಕಣ್ಣಿಗೆ ಬರುತ್ತದೆ. ಬಹಳಷ್ಟು ಕಾರುಗಳಲ್ಲಿ ಸೀಟು ಯಾವ ಬಣ್ಣವಾದರೂ ಇರಲಿ, ಡ್ಯಾಶ್‌ಬೋರ್ಡಿನ ತಲೆ ಮಾತ್ರ ಕಪ್ಪೋ ಗಾಢ ಬೂದೋ ಆಗಿರುತ್ತದೆ. ನಾನು ಅದನ್ನು ಕಂಪನಿಯವರ ಜಿಪುಣತನ ಅಂದುಕೊಂಡಿದ್ದೆ!

ಇದು ಹೇಗಾಯಿತು ಅಂತ ಹೇಳುತ್ತೇನೆ. ಶೋರೂಮಿನಲ್ಲಿ ನಿಲ್ಲಿಸಿದ್ದ ಕಾರಿನ ಒಳಗೆ ಎರಡು ಬಣ್ಣ ಇತ್ತು. ಮೇಲೆ ಕಪ್ಪು, ಕೆಳಗೆ ಮರಳು. ಅದನ್ನೇ ತೋರಿಸಿ, ‘ಇದೇ ಬೇಕು’ ಅಂದೆ. ಸೇಲ್ಸ್ ಹುಡುಗ ಟ್ಯಾಬಿನಲ್ಲಿ ಏನೋ ಒತ್ತಿದ. ಪರದೆಯಲ್ಲಿ ಬಂದ ಚಿತ್ರ ಬಾಗಿಲ ಕಡೆಯಿಂದ ಒಳಗೆ ಇಣುಕಿದ ಹಾಗಿತ್ತು. ಸೀಟು ಚೆನ್ನಾಗಿ ಕಾಣಿಸುತ್ತಿತ್ತು, ಡ್ಯಾಶ್‌ಬೋರ್ಡಿನ ಮೇಲ್ಭಾಗ ನೆರಳಲ್ಲಿ ಕಪ್ಪಗೇ ಇತ್ತು. ಆರ್ಡರ್ ಹಾಳೆಯಲ್ಲಿ ಬಣ್ಣದ ಹೆಸರಿರಲಿಲ್ಲ, ಬರೀ ಎರಡಕ್ಷರದ ಕೋಡ್. ‘ಎರಡೂ ಒಂದೇ ಸಾರ್, ಸೇಮ್ ಬೀಜ್’ ಅಂದ. ಬೀಜ್ ಅಂದರೆ ಈ ಮರಳು ಬಣ್ಣವೇ. ಸಹಿ ಹಾಕಿದೆ.

ಆ ಕೋಡ್ ಇದ್ದದ್ದು ಒಂದೇ ಬಣ್ಣದ ಒಳಾಂಗಣಕ್ಕೆ. ಅಂದರೆ ಸೀಟು, ಬಾಗಿಲು, ಡ್ಯಾಶ್‌ಬೋರ್ಡಿನ ತಲೆ, ಕಾರ್ಪೆಟ್ ಎಲ್ಲವೂ ಮರಳು. ನನಗೆ ಎರಡು ತಿಂಗಳ ನಂತರ ಸಂಶಯ ಬಂತು. ಫೋನ್ ಮಾಡಿದೆ. ಆರ್ಡರ್ ಲಾಕ್ ಆಗಿಬಿಟ್ಟಿದೆ ಅಂದರು. ಅದಕ್ಕೂ ಹಿಂದಿನ ವಾರ ಕೇಳಿದಾಗ ಇದೇ ಜನ ‘ಇನ್ನೂ ಟೈಮಿದೆ ಸಾರ್’ ಅಂದಿದ್ದರು. ಅದನ್ನು ನಾನು ಬರಹದಲ್ಲಿ ತೆಗೆದುಕೊಳ್ಳಲಿಲ್ಲ. ಕಾರ್ಖಾನೆ ಕಾರು ಕಟ್ಟುವುದಕ್ಕೆ ಕೆಲವು ವಾರ ಮೊದಲೇ ಬಾಗಿಲು ಹಾಕಿಕೊಳ್ಳುತ್ತದೆ. ಆಮೇಲೆ ನೀವು ತಲೆ ಕೆಳಗೆ ಮಾಡಿ ನಿಂತರೂ ಒಂದು ದಾರದ ಬಣ್ಣವೂ ಬದಲಾಗುವುದಿಲ್ಲ. ಆ ತಾರೀಖು ಯಾವುದು ಅಂತ ಕೇಳಿ, ಇಮೇಲಿನಲ್ಲಿ ಬರೆಸಿಕೊಳ್ಳಿ. ಪ್ರತಿ ಕೋಡಿನ ಎದುರಿಗೆ ಅದರ ಪೂರ್ತಿ ಹೆಸರು ಬರೆಸಿ. ‘ಡ್ಯಾಶ್‌ಬೋರ್ಡಿನ ಮೇಲ್ಭಾಗ ಯಾವ ಬಣ್ಣ?’ ಅಂತ ಬಾಯಿಬಿಟ್ಟು ಕೇಳಿ.

ಬಂದ ಮೇಲೆ ಬದಲಾಯಿಸಬಹುದಲ್ಲ ಅಂತೀರಾ? ನಾನೂ ಬೆಂಗಳೂರಿನಲ್ಲಿ ಕಾರಿನ ಸಾಮಾನಿನ ಅಂಗಡಿಗಳಿರುವ ಜೆ.ಸಿ. ರೋಡ್ ಸುತ್ತಿದೆ. ಪಕ್ಕದ ಸೀಟಿನವರ ಏರ್‌ಬ್ಯಾಗ್ ಇರುವುದು ಡ್ಯಾಶ್‌ಬೋರ್ಡಿನ ಒಳಗೆ. ಅದು ಹರಿದುಕೊಂಡು ಹೊರಬರಲಿ ಅಂತಲೇ ಅಲ್ಲಿ ಹೊದಿಕೆಯನ್ನು ಒಳಗಿನಿಂದ ತೆಳ್ಳಗೆ ಮಾಡಿರುತ್ತಾರೆ. ಅದರ ಮೇಲೆ ದಪ್ಪ ಚರ್ಮ ಎಳೆದು ಅಂಟಿಸಿದರೆ ಏರ್‌ಬ್ಯಾಗ್ ಹೇಗೆ ಬಿಚ್ಚಿಕೊಳ್ಳುತ್ತದೋ ದೇವರೇ ಬಲ್ಲ. ಸೀಟಿನ ಕವರಿಗೂ ಇದೇ ಮಾತು. ಸೀಟಿನ ಪಕ್ಕದಿಂದ ಬರುವ ಏರ್‌ಬ್ಯಾಗಿನ ದಾರಿಗೆ ಅಡ್ಡ ಬರುವ ಕವರ್ ಬೇಡವೇ ಬೇಡ.

ಈಗ ಬಿಸಿಲಲ್ಲಿ ಪೋಲರೈಸ್ಡ್ ಕನ್ನಡಕ ಹಾಕಿಕೊಂಡು ಓಡಿಸುತ್ತೇನೆ. ಪ್ರತಿಬಿಂಬ ಮುಕ್ಕಾಲು ಪಾಲು ಮಾಯವಾಗುತ್ತದೆ. ಆದರೆ ತಲೆ ಸ್ವಲ್ಪ ವಾಲಿಸಿದರೆ ಮೀಟರಿನ ಪರದೆ ಕಪ್ಪಾಗುತ್ತದೆ. ಒಂದು ಹೋದರೆ ಇನ್ನೊಂದು.

ಇನ್ನು ಸೀಟಿನ ಕಥೆ. ಚರ್ಮದಲ್ಲಿ ಎರಡು ದರ್ಜೆ ಇತ್ತು. ಮಾಮೂಲಿ ಚರ್ಮದ ಮೇಲೆ ಬಣ್ಣದ ದಪ್ಪ ಪದರ ಇರುತ್ತದೆ, ಮುಟ್ಟಿದರೆ ಸ್ವಲ್ಪ ಪ್ಲಾಸ್ಟಿಕ್ ಅನ್ನಿಸುತ್ತದೆ. ದುಬಾರಿಯದ್ದು ಸೆಮಿ ಅನಿಲೀನ್. ಬೆಣ್ಣೆ ಮುಟ್ಟಿದ ಹಾಗೆ. ನಾನು ಬೆಣ್ಣೆ ತೆಗೆದುಕೊಂಡೆ. ಅದು ಮೃದುವಾಗಿರುವುದೇ ಮೇಲಿನ ಲೇಪನ ತೆಳ್ಳಗಿರುವುದರಿಂದ, ಹಾಗಾಗಿ ಕಲೆಯೂ ಬೇಗ ಹಿಡಿಯುತ್ತದೆ ಅಂತ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಜೀನ್ಸ್‌ಗೆ ಹಾಕುವ ಇಂಡಿಗೊ ಬಣ್ಣ ನೂಲಿನ ಒಳಗೆ ಪೂರ್ತಿ ಇಳಿಯುವುದಿಲ್ಲ, ಹೊರಮೈಗೆ ಕೂತಿರುತ್ತದೆ. ಉಜ್ಜಿದರೆ ಬಿಡುತ್ತದೆ, ಬೆವರಿದ್ದರೆ ಇನ್ನೂ ಜಾಸ್ತಿ ಬಿಡುತ್ತದೆ. ಸ್ಪೋರ್ಟ್ಸ್ ಸೀಟಿನ ಎರಡೂ ಅಂಚು ದಿಂಬಿನ ಹಾಗೆ ಎದ್ದಿರುತ್ತವೆ. ಹತ್ತುವಾಗ ಇಳಿಯುವಾಗ ತೊಡೆ ಅದರ ಮೇಲೆ ಉಜ್ಜಲೇಬೇಕು. ಎರಡೇ ತಿಂಗಳಿಗೆ ನನ್ನ ಸೀಟಿನ ಬಲ ಅಂಚು ನೀಲಿ ಮಸಿ ಚೆಲ್ಲಿದ ಹಾಗಾಯಿತು. ಆಗ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಗೋಡೆ ಕಲೆ ತೆಗೆಯಲು ಅಂಗಡಿಯಲ್ಲಿ ಸಿಗುವ ಬಿಳಿ ಸ್ಪಂಜು ತಂದು ಉಜ್ಜಿದೆ. ನೀಲಿ ಹೋಯಿತು. ಜೊತೆಗೆ ಅಂಗೈಯಗಲ ಚರ್ಮದ ಮಂದ ಹೊಳಪೂ ಹೋಯಿತು. ಆ ಮೆಲಮೈನ್ ಸ್ಪಂಜು ಅಂದರೆ ನುಣ್ಣನೆ ಮರಳು ಕಾಗದವೇ, ಲೇಪನವನ್ನು ಕೆರೆದು ಹಾಕುತ್ತದೆ. ಈಗ ಆ ಜಾಗ ಬೇರೆ ಕಡೆಗಿಂತ ಬೇಗ ಕೊಳೆಯಾಗುತ್ತದೆ.

ಸ್ಟೀರಿಂಗಿಗೆ ಆಲ್ಕಾಂಟರಾ ಹಾಕಿಸಿದ್ದೆ. ಅದು ಚರ್ಮ ಅಲ್ಲ, ಪಾಲಿಯೆಸ್ಟರ್ ಮತ್ತು ಪಾಲಿಯುರೆಥೇನಿನಿಂದ ಮಾಡಿದ ಬಟ್ಟೆ. ಜಪಾನಿನಲ್ಲಿ 1970ರಲ್ಲಿ ಕಂಡುಹಿಡಿದದ್ದು, ಇಟಲಿಯಲ್ಲಿ ತಯಾರಾಗುತ್ತದೆ. ಡ್ಯಾಶ್‌ಬೋರ್ಡಿನ ತಲೆಗೆ ಕಪ್ಪು ಆಲ್ಕಾಂಟರಾ ಹಾಕಿದರೆ ಬೆಳಕು ಹೊಳೆಯುವುದೇ ಇಲ್ಲ. ಅಲ್ಲಿಗೆ ಅದು ಚಿನ್ನದಂಥ ಆಯ್ಕೆ. ಮುಟ್ಟುವ ಜಾಗಕ್ಕೆ ಮಾತ್ರ ನಮ್ಮೂರಿನಲ್ಲಿ ಬೇಡ ಅನ್ನುತ್ತೇನೆ. ಕೈಬೆವರು, ಸನ್‌ಸ್ಕ್ರೀನ್, ಕಾರಲ್ಲಿ ತಿಂದ ಚಕ್ಕುಲಿಯ ಜಿಡ್ಡು ಎಲ್ಲ ಸೇರಿ ಎಳೆಗಳು ಮಲಗಿಬಿಡುತ್ತವೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಮೆತ್ತನೆ ಬ್ರಷ್ಷಿನಲ್ಲಿ ಎಬ್ಬಿಸಿದರೆ ಸ್ವಲ್ಪ ಸರಿಹೋಗುತ್ತದೆ. ತಿಂಗಳಿಗೊಮ್ಮೆ ಮಾಡುವ ತಾಳ್ಮೆ ನಿಮಗಿದೆಯಾ? ತಲೆದಿಂಬಿಗೂ ಅದೇ ಬಟ್ಟೆ ಹಾಕಿಸಿದ್ದೆ. ಅಪ್ಪ ಒಂದು ಭಾನುವಾರ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂತಿದ್ದರು. ಅಲ್ಲಿ ಈಗಲೂ ಒಂದು ದುಂಡನೆ ಗುರುತಿದೆ. ಅಪ್ಪನಿಗೆ ಹೇಳಿಲ್ಲ.

ದುಡ್ಡಿನ ಮಾತು ಒಂದೇ ಒಂದು. ಹೊರಗಿನಿಂದ ಪೂರ್ತಿ ಕಟ್ಟಿಸಿಕೊಂಡು ಬರುವ ಕಾರಿನಲ್ಲಿ ಪ್ರತಿ ಹೊಲಿಗೆಯೂ ಕಾರಿನ ಬೆಲೆಯ ಭಾಗ. ಅದರ ಮೇಲೆ ಕಸ್ಟಮ್ಸ್ ಸುಂಕ, ಅದರ ಮೇಲೆ ಜಿಎಸ್‌ಟಿ, ಎಲ್ಲ ಮುಗಿದ ಮೇಲೆ ನಮ್ಮ ಆರ್‌ಟಿಓ ಲೈಫ್ ಟ್ಯಾಕ್ಸ್. ಯುರೋಪಿನ ಪಟ್ಟಿಯಲ್ಲಿ ಕಂಡ ಬೆಲೆ ಬೆಂಗಳೂರಿಗೆ ಬರುವ ಹೊತ್ತಿಗೆ ಎಷ್ಟೋ ಏರಿರುತ್ತದೆ. ಡೀಲರಿಂದ ಆನ್‌ರೋಡ್ ಲೆಕ್ಕದಲ್ಲೇ ಪ್ರತಿ ಆಯ್ಕೆಯ ಬೆಲೆ ಕೇಳಿ.

ಚರ್ಮದ ಮಾದರಿಯನ್ನು ಶೋರೂಮಿನ ದೀಪದ ಕೆಳಗೆ ನೋಡಬೇಡಿ. ಬೆಂಕಿಪೊಟ್ಟಣದಷ್ಟು ತುಂಡನ್ನು ನೋಡಿ ಆರಿಸಿದ್ದು ನನ್ನ ಇನ್ನೊಂದು ತಪ್ಪು. ಗೆಳೆಯನೊಬ್ಬ ಹೋದ ತಿಂಗಳು ಬುಕ್ ಮಾಡುವಾಗ ಹಠ ಹಿಡಿದು ತುಂಡನ್ನು ಒಂದು ದಿನದ ಮಟ್ಟಿಗೆ ಮನೆಗೆ ತಂದ. ಮಧ್ಯಾಹ್ನ ತನ್ನ ಹಳೇ ಕಾರಿನ ಡ್ಯಾಶ್‌ಬೋರ್ಡಿನ ಮೇಲಿಟ್ಟು ಗಾಜಿನಲ್ಲಿ ನೋಡಿದ. ಹೊಸ ಜೀನ್ಸ್ ಒದ್ದೆ ಮಾಡಿ ಅದರ ಮೇಲೆ ಇಪ್ಪತ್ತು ಸಲ ಉಜ್ಜಿದ. ಸಂಜೆಗೆ ಫೋನ್ ಮಾಡಿ, ‘ಕಪ್ಪೇ ಹಾಕಿಸ್ತೀನಿ ಕಣೋ’ ಅಂದ. ಆ ತುಂಡನ್ನು ವಾಪಸ್ ಕೊಡುವಾಗ ಅವನ ಮುಖ ಹೇಗಿತ್ತೋ ಗೊತ್ತಿಲ್ಲ.

ಹಾಂ, ಮರೆತಿದ್ದೆ. ಡೆಲಿವರಿ ದಿನ ಪೂಜೆಗೆ ಬರುವವರು ಅರಿಶಿನ ಕುಂಕುಮದ ತಟ್ಟೆ ಹಿಡಿದು ಸೀದಾ ಸ್ಟೀರಿಂಗಿಗೆ ಕೈ ಹಾಕುತ್ತಾರೆ. ನನ್ನ ಆಲ್ಕಾಂಟರಾದ ನಡುಮಧ್ಯದಲ್ಲಿ ಒದ್ದೆ ಬೆರಳಿನಿಂದ ಸ್ವಸ್ತಿಕ ಬರೆದರು. ಅರಿಶಿನ ಬಿಸಿಲಿಗೆ ಎರಡು ವಾರದಲ್ಲಿ ಮಾಸಿತು. ಕುಂಕುಮ ಇನ್ನೂ ಇದೆ. ಎಲ್ಲರ ಎದುರು ಬೇಡ ಅನ್ನಲು ನನಗೆ ಸಂಕೋಚವಾಯಿತು. ನೀವು ಹಿಂದಿನ ದಿನವೇ ಫೋನ್ ಮಾಡಿ, ಕೀ ಮೇಲೆ ಇಟ್ಟರೆ ಸಾಕು ಅಂತ ಹೇಳಿಬಿಡಿ.